ಹುಲಿಗೆವ್ವನ ಮಾತು, ನನ್ನ ಇಂಗ್ಲಿಷು

ಯಲಬುರ್ಗಾ

ಡೆನ್ಮಾರ್ಕಿಗೆ ಹೋಗಿಬಂದೆ ಎಂದರೆ ಜನ ಮೊದಲು ಕೇಳುವುದು ಹಿಮದ ಬಗ್ಗೆ. ನಾನು ಹಿಮ ನೋಡಲಿಲ್ಲ. ನಾನು ಹೋದದ್ದು ಅವರ ಬೇಸಿಗೆಯಲ್ಲಿ, ನಮ್ಮಲ್ಲಿ ಸಜ್ಜೆ ಬಿತ್ತುವ ಹೊತ್ತಿಗೆ. ಹತ್ತೊಂಬತ್ತು ದಿನ ಅಲ್ಲಿದ್ದೆ. ಅಷ್ಟೂ ದಿನ ಜೊತೆಗೆ ಬಂದ ಒಬ್ಬ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುತ್ತ ಕಳೆದೆ. ಅದನ್ನು ಮುಚ್ಚಿಟ್ಟು ಬರೆದರೆ ಈ ಪ್ರವಾಸದಲ್ಲಿ ಹೇಳುವಂಥದ್ದು ಏನೂ ಉಳಿಯುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ನಾನು ಗ್ರಾಮಸೇವಿಕೆ. ಮನೆ ಯಲಬುರ್ಗಾದಲ್ಲಿ, ಕೆಲಸ ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ. ಬಸ್ಸು ಹೋಗುವ ಊರಿಗೆ ಬಸ್ಸಿನಲ್ಲಿ, ಹೋಗದ ಊರಿಗೆ ನಡೆದು, ಬಾಲವಾಡಿ, ಹೊಲಿಗೆ ತರಗತಿ, ಮಹಿಳಾ ಮಂಡಳ ಎಂದು ಹನ್ನೊಂದು ವರ್ಷ ತಿರುಗಿದ್ದೆ. ಗಂಗಾವತಿಯಲ್ಲಿ ಬಿ.ಎ. ಓದಿದ್ದೆ. ನಮ್ಮ ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಕಾಗದ ಬಂದರೆ ಅದು ಮೊದಲು ನನ್ನ ಮೇಜಿಗೇ ಬರುತ್ತಿತ್ತು.

ಆ ವರ್ಷ ಡೆನ್ಮಾರ್ಕಿನ ಒಂದು ಸ್ವಯಂಸೇವಾ ಸಂಸ್ಥೆಯಿಂದ ಕಾರೆನ್ ಎಂಬ ಮಹಿಳೆ ನಮ್ಮ ಹಳ್ಳಿಗಳನ್ನು ನೋಡಲು ಬಂದರು. ಐವತ್ತರ ಆಸುಪಾಸು, ಎತ್ತರದ ಆಳು, ಬಿಸಿಲಿಗೆ ಮುಖವೆಲ್ಲ ಕೆಂಪಾಗಿತ್ತು. ಅವರ ದೇಶದ ಒಂದು ದ್ವೀಪದಲ್ಲಿ ಬೇರೆ ಬೇರೆ ದೇಶಗಳ ಹಳ್ಳಿಗಾಡಿನ ಮಹಿಳೆಯರಿಗೆ ವ್ಯಕ್ತಿತ್ವ ವಿಕಾಸ ಶಿಬಿರ ನಡೆಯುತ್ತದೆಂದೂ, ಮುಂದೆ ಕೊಪ್ಪಳದಲ್ಲಿ ಅಂಥದೇ ಕೇಂದ್ರ ತೆರೆಯುವ ಆಲೋಚನೆ ಇದೆಯೆಂದೂ ಹೇಳಿದರು. ಎಂಟು ದಿನ ಅವರ ಹಿಂದೆ ಮುಂದೆ ತಿರುಗಿದವಳು ನಾನು. ಆ ಶಿಬಿರ ನನ್ನದೇ ಎಂದು ಮನಸ್ಸಿನಲ್ಲಿ ಬರೆದುಕೊಂಡೆ. ಸಾಲಿ ಮಾಸ್ತರರಾದ ನನ್ನ ಗಂಡ ಸ್ವೆಟರ್ ಕೂಡ ತಂದಿಟ್ಟರು.

ಎರಡು ತಿಂಗಳಾದ ಮೇಲೆ ಕಾಗದ ಬಂತು. ಮೊದಲ ಸಾಲಿನಲ್ಲಿ ಹುಲಿಗೆವ್ವನ ಹೆಸರಿತ್ತು. ಕುಷ್ಟಗಿ ಕಡೆಯ ಒಂದು ಹಳ್ಳಿಯ ಮಹಿಳಾ ಮಂಡಳದ ಅಧ್ಯಕ್ಷೆಯಾದ ಆಕೆಯನ್ನು ಶಿಬಿರಕ್ಕೆ ಆಹ್ವಾನಿಸಿದ್ದರು. ನನ್ನ ಹೆಸರು ಕೆಳಗಿತ್ತು: ಆಕೆಗೆ ಇಂಗ್ಲಿಷ್ ಬಾರದ್ದರಿಂದ ದುಭಾಷಿಯಾಗಿ ತಾವೂ ಬರಬೇಕು. ಆಕೆಯನ್ನು ಅಧ್ಯಕ್ಷೆ ಮಾಡಿದವಳೂ ನಾನೇ. ಆವತ್ತು ಸಭೆಯಲ್ಲಿ ಹೆಬ್ಬೆಟ್ಟು ಒತ್ತಲು ಬೇರೆ ಯಾರೂ ಮುಂದೆ ಬಂದಿರಲಿಲ್ಲ, ಅಷ್ಟೇ.

ಹುಲಿಗೆವ್ವನಿಗೆ ಮೂವತ್ತಿರಬಹುದು. ಮನೆಯಲ್ಲಿ ಇಪ್ಪತ್ತು ಕುರಿ, ಉಳಿದಂತೆ ಕಳೆ ಕೀಳುವ ಕೂಲಿ. ಸುದ್ದಿ ಹೇಳಲು ಹೋದಾಗ ಕುರಿಹಟ್ಟಿಯಲ್ಲಿ ಕಸ ಬಳಿಯುತ್ತಿದ್ದಳು.

“ಇಮಾನದಾಗೇನ್ರಿ ಅಕ್ಕಾರ?”

“ಹೌದು.”

“ಎಷ್ಟ ದಿನ?”

“ಇಪ್ಪತ್ತು ದಿನ ಹತ್ರ.”

ಗಂಡನನ್ನು ಕೇಳಬೇಕು, ಅತ್ತೆಯನ್ನು ಕೇಳಬೇಕು ಎನ್ನುತ್ತಾಳೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹಾಗೆ ಅನ್ನಲಿ ಎಂದೇ ಕಾಯುತ್ತಿದ್ದೆ. ಆಕೆ ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟು, “ಹಂಗಾರ ರೊಟ್ಟಿ ಭಾಳ ಬಡೀಬೇಕು,” ಎಂದಳು.

ಕೋಪನ್‌ಹೇಗನ್

ಆ ರೊಟ್ಟಿಯಿಂದಲೇ ಶುರುವಾಯಿತು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಹುಲಿಗೆವ್ವನ ಗಂಟು ಬಿಚ್ಚಿಸಿದ. ಒಳಗೆ ಖಡಕ್ ರೊಟ್ಟಿಯ ಎರಡು ದೊಡ್ಡ ಕಟ್ಟು, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ. ಆತ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ, ಬೆರಳಿನಿಂದ ಟಕಟಕ ಬಡಿದ. ಇಂಥ ಪ್ರಸಂಗ ಬಂದೀತೆಂದು ನಾನು ಊರಿನಿಂದಲೇ ಒಂದು ಇಂಗ್ಲಿಷ್ ವಾಕ್ಯ ಸಿದ್ಧ ಮಾಡಿಕೊಂಡು ಬಂದಿದ್ದೆ. ಜೋಳದ ಹಿಟ್ಟಿನಿಂದ ತಯಾರಿಸಿದ ತಿನಿಸು, ಅಪಾಯವಿಲ್ಲ ಎಂಬ ಅರ್ಥದ, ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲದ ವಾಕ್ಯ. ನಾನು ಬಾಯಿ ತೆರೆಯುವಷ್ಟರಲ್ಲಿ ಹುಲಿಗೆವ್ವ ಒಂದು ಚೂರು ಮುರಿದು, ಚಟ್ನಿಪುಡಿ ಹಚ್ಚಿ, ಆತನ ಮುಂದೆ ಹಿಡಿದು, “ತಿನ್ನೋ ಎಪ್ಪಾ,” ಎಂದಳು.

ಆತ ತಿಂದ. ಕಿವಿಯವರೆಗೂ ಕೆಂಪಾಗಿ ಕೆಮ್ಮಿದ. ಕಣ್ಣೊರೆಸಿಕೊಂಡು ಪಕ್ಕದ ಮೇಜಿನವನನ್ನೂ ಕರೆದು ಅವನಿಗೊಂದು ಚೂರು ಕೊಡಿಸಿದ. ಸಾಲಿನಲ್ಲಿ ನಿಂತವರೆಲ್ಲ ನಗತೊಡಗಿದರು. ನನ್ನ ಚೀಲವನ್ನು ಯಾರೂ ತೆರೆಯಲಿಲ್ಲ. ನನ್ನ ವಾಕ್ಯವನ್ನು ಹಾಗೆಯೇ ನುಂಗಿಕೊಂಡು ಹೊರಗೆ ಬಂದೆ.

ದ್ವೀಪ

ರೈಲು, ಆಮೇಲೆ ದೋಣಿ. ದೋಣಿಯೆಂದರೆ ನಮ್ಮ ತುಂಗಭದ್ರೆಯ ಹರಿಗೋಲಲ್ಲ. ಮೂರು ಬಸ್ಸುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ತೇಲುವ ಹಡಗು. ಮುನಿರಾಬಾದಿನ ಹಿನ್ನೀರನ್ನು ನೋಡಿದವಳಾದ್ದರಿಂದ ಹುಲಿಗೆವ್ವನಿಗೆ ಸಮುದ್ರ ಅಂಥ ದೊಡ್ಡದೆನಿಸಲಿಲ್ಲ. “ಇದರ ಡ್ಯಾಮ್ ಎಲ್ಲೈತ್ರಿ?” ಎಂದು ಕೇಳಿದಳು.

ಹಳೆಯ ತೋಟದ ಮನೆಯೊಂದರಲ್ಲಿ ಶಿಬಿರ. ಎಂಟು ದೇಶಗಳಿಂದ ಬಂದ ಇಪ್ಪತ್ತು ಹೆಂಗಸರು ಅಲ್ಲಿದ್ದರು. ಆ ಜನರ ಪದ್ಧತಿಗಳು ನಮಗೆ ವಿಚಿತ್ರ. ಹಗಲು ಹೊತ್ತಿನಲ್ಲೇ ಊಟದ ಮೇಜಿನ ಮೇಲೆ ಮೇಣದಬತ್ತಿ ಹಚ್ಚುತ್ತಾರೆ. ನಮ್ಮಲ್ಲಿ ಅದು ಕರೆಂಟು ಹೋದಾಗ ಹುಡುಕುವ ಸಾಮಾನು. ಬೆಳಿಗ್ಗೆ ಎದ್ದು ಎಲ್ಲರೂ ಪುಸ್ತಕ ಹಿಡಿದು ಹಾಡುತ್ತಾರೆ, ರಾಗ ಬರುವವರೂ ಬಾರದವರೂ. ಬಾಗಿಲಿಗೆ ಬೀಗವಿಲ್ಲ. ಅವರ ರೊಟ್ಟಿಗೆ ನಮ್ಮ ಹಳೆಯ ಬೆಲ್ಲದ ಬಣ್ಣ. ಕಪ್ಪಗೆ, ಹುಳಿ ಹುಳಿ, ಇಟ್ಟಿಗೆಯಷ್ಟು ಭಾರ. ಗಾಳಿ ಮಾತ್ರ ನಮ್ಮ ಕಡೆಯದೇ. ಯಲಬುರ್ಗಾದ ಬಯಲಿನ ಆಷಾಢದ ಗಾಳಿಯ ಹಾಗೆ ಸೆರಗನ್ನು ಹಿಡಿದೆಳೆಯುತ್ತಿತ್ತು.

ಎರಡನೆಯ ದಿನ ನಾವಿಬ್ಬರೂ ಊರೊಳಗೆ ಹೋದಾಗ ಬ್ರೆಡ್ಡಿನ ಅಂಗಡಿಯ ಹೊರಗೆ ತಳ್ಳುಗಾಡಿಯಲ್ಲಿ ಒಂದು ಕೂಸು ಮಲಗಿತ್ತು. ಸುತ್ತ ಯಾರೂ ಇಲ್ಲ.

“ಅಯ್ಯ ಶಿವನ! ಕೂಸಿನ್ನ ಬೀದ್ಯಾಗ ಬಿಟ್ಟ ಹೋಗ್ಯಾರ!” ಎಂದು ಹುಲಿಗೆವ್ವ ಗಾಡಿಗೆ ಅಡ್ಡ ನಿಂತಳು.

ಇಲ್ಲಿ ಹೀಗೆಯೇ, ತಾಯಿ ಒಳಗಿರುತ್ತಾಳೆ ಎಂದು ನಾನು ಹೇಳಿದರೂ ಕೇಳಲಿಲ್ಲ. ತಾಯಿ ಹೊರಬಂದಾಗ, ಇಳಕಲ್ ಸೀರೆಯ ಹೆಂಗಸೊಬ್ಬಳು ತನ್ನ ಕೂಸಿಗೆ ಕಾವಲು ನಿಂತಿದ್ದಳು. ನಾನು ನಾಚಿಕೆಯಿಂದ ಕ್ಷಮೆ ಕೇಳತೊಡಗಿದೆ. ಆ ತಾಯಿ ನನ್ನನ್ನು ದಾಟಿ ಹೋಗಿ ಹುಲಿಗೆವ್ವನನ್ನು ತಬ್ಬಿಕೊಂಡಳು. ಮರುದಿನದಿಂದ ಅಂಗಡಿಯವರು, ಸೈಕಲ್ಲಿನ ಮುದುಕರು, ಎಲ್ಲರೂ “ಹುಲಿ, ಹುಲಿ” ಎಂದು ಕೈ ಬೀಸುವವರೇ. ಪಕ್ಕದಲ್ಲಿ ನಡೆಯುತ್ತಿದ್ದ ನನ್ನ ಹೆಸರನ್ನು ಒಬ್ಬರೂ ಕೇಳಲಿಲ್ಲ.

ಶಿಬಿರದಲ್ಲೂ ಅದೇ. ತಮ್ಮ ಬಗ್ಗೆ ಐದು ಒಳ್ಳೆಯ ಮಾತು ಹೇಳಿಕೊಳ್ಳಿ ಎಂದರು. ನಾನು ಹಿಂದಿನ ದಿನವೇ ಬರೆದುಕೊಂಡದ್ದನ್ನು ಓದಿದೆ: ಸಮಯಪಾಲನೆ, ಶಿಸ್ತು, ಶ್ರದ್ಧೆ. ಕಾರೆನ್ ನಗುತ್ತ, “ಇದು ನಿಮ್ಮ ಮೇಲಧಿಕಾರಿ ಕೊಟ್ಟ ಪ್ರಮಾಣಪತ್ರದ ಹಾಗಿದೆ, ವಿಮಲಾ,” ಎಂದರು. ಹುಲಿಗೆವ್ವ, “ನಾ ನಕ್ಕರ ಕುರಿನೂ ತಿರುಗಿ ನೋಡ್ತಾವ,” ಎಂದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಇಪ್ಪತ್ತು ಜನ ಚಪ್ಪಾಳೆ ತಟ್ಟಿದರು. ಕಣ್ಣು ಮುಚ್ಚಿ ಹಿಂದಕ್ಕೆ ಬೀಳಿ, ಹಿಂದೆ ನಿಂತವರು ಹಿಡಿಯುತ್ತಾರೆ ಎಂದರು. ಆಕೆ ಹತ್ತಿಯ ಚೀಲದ ಹಾಗೆ ಬಿದ್ದಳು. ನನ್ನ ಸರದಿಯಲ್ಲಿ ಆಕೆಯೇ ಹಿಂದೆ ನಿಂತು, “ಬೀಳ್ರಿ ಅಕ್ಕಾರ, ನಾ ಅದೀನಿ,” ಎಂದಳು. ನಾನು ಹಿಂದಕ್ಕೆ ಬೀಳದೆ, ನಿಂತಲ್ಲೇ ನೆಲಕ್ಕೆ ಕೂತುಬಿಟ್ಟೆ.

ಎಂಟನೆಯ ದಿನ

ಆವತ್ತಿನ ಪಾಠ, ನಿಮ್ಮ ಬದುಕಿನಲ್ಲಿ ನೀವು ಧೈರ್ಯ ಮಾಡಿದ ಒಂದು ಸಂದರ್ಭ ಹೇಳಿ ಎಂಬುದು. ನನ್ನ ಮನಸ್ಸಿನಲ್ಲಿ ಒಂದೇ ಒಂದು ಸಂದರ್ಭವಿತ್ತು. ಹುಲಿಗೆವ್ವನ ಊರಿನ ಬೋರಿಂಗ್ ಕೆಟ್ಟು, ಹೆಂಗಸರು ಹಳ್ಳದ ರಾಡಿ ನೀರು ಹೊರುತ್ತಿದ್ದರು. ಅರ್ಜಿ ಮೇಲೆ ಅರ್ಜಿ ಬರೆದು ಸಾಕಾಗಿ, ಒಂದು ದಿನ ಊರಿನ ಹೆಂಗಸರನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋಗಿ, ಸಾಹೇಬರ ಕೋಣೆಯ ಬಾಗಿಲು ದೂಡಿ ಒಳಗೆ ನುಗ್ಗಿ, ಆ ರಾಡಿ ನೀರಿನ ತಂಬಿಗೆಯನ್ನು ಅವರ ಮೇಜಿನ ಮೇಲೆ ಇಟ್ಟಿದ್ದೆ. ಆ ತಿಂಗಳಲ್ಲೇ ಬೋರಿಂಗ್ ರಿಪೇರಿಯಾಯಿತು. ಹನ್ನೊಂದು ವರ್ಷದ ನೌಕರಿಯಲ್ಲಿ ನಾನು ಎದೆ ಸೆಟೆಸಿ ನಿಂತದ್ದು ಅದೊಂದೇ ದಿನ.

ಹುಲಿಗೆವ್ವನ ಸರದಿ ಮೊದಲು ಬಂತು. ಆಕೆ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

“ನಮ್ಮೂರಾಗ ಬೋರಿಂಗ್ ಕೆಟ್ಟಿತ್ರಿ,” ಎಂದು ಶುರು ಮಾಡಿದಳು. “ನಾ ಕಚೇರಿಗೆ ಹೋದ್ನಿ. ಸಾಹೇಬ್ರ ಖೋಲಿ ಬಾಗಲಾ ದೂಡಿದ್ನಿ. ತಂಬಗಿ ತಗದ ಮೇಜಿನ ಮ್ಯಾಲ ಇಟ್ಟು, ಒಂದ ಗುಟಕ ಕುಡೀರಿ, ಆಮ್ಯಾಲ ಮಾತಾಡೂಣು ಅಂದ್ನಿ.”

ನಾನು ಆಕೆಯ ಮುಖ ನೋಡಿದೆ. ಆಕೆ ನನ್ನ ಕಡೆ ನೋಡಲೇ ಇಲ್ಲ. ದುಭಾಷಿಯ ಕೆಲಸದಲ್ಲಿ ಒಂದು ಪದ್ಧತಿಯಿದೆ. ಆಡಿದವರು ‘ನಾನು’ ಎಂದರೆ ನೀವೂ ‘ನಾನು’ ಎಂದೇ ಹೇಳಬೇಕು. ನಾನು ಹೋದೆ, ನಾನು ದೂಡಿದೆ, ನಾನು ಇಟ್ಟೆ ಎಂದು ನನ್ನ ಬಾಯಿಂದಲೇ ಹೇಳಿದೆ. ಕೇಳುತ್ತಿದ್ದವರ ಕಣ್ಣೆಲ್ಲ ಆಕೆಯ ಮೇಲಿತ್ತು. ಫಿಲಿಪೈನ್ಸಿನ ಹೆಂಗಸೊಬ್ಬಳು ಅತ್ತಳು. ನನ್ನ ಸರದಿ ಬಂದಾಗ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಗಂಗಾವತಿಯಲ್ಲಿ ಪರೀಕ್ಷೆ ಬರೆದ ಕಥೆ ಹೇಳಿ ಕೂತೆ.

ಆಮೇಲೆ ಹುಲಿಗೆವ್ವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಆ ದಿನದಿಂದ ಆಕೆಯ ಮಾತುಗಳನ್ನು ಸ್ವಲ್ಪ ಸ್ವಲ್ಪ ಸಪ್ಪೆ ಮಾಡತೊಡಗಿದೆ. ಆಕೆ ತಮಾಷೆ ಮಾಡಿದರೆ ತಮಾಷೆಯನ್ನು ಬಿಟ್ಟು ವಿಷಯವನ್ನಷ್ಟೇ ಹೇಳುತ್ತಿದ್ದೆ. ಜನರ ನಗೆ ಕಡಿಮೆಯಾಯಿತು. ಹುಲಿಗೆವ್ವ ಮಾತು ಮುಗಿಸಿ, ನಗು ಬರುತ್ತದೆಂದು ಸುತ್ತ ನೋಡಿ, ಬಾರದಿದ್ದಾಗ ಬಾಯಿಗೆ ಸೆರಗು ಅಡ್ಡ ಹಿಡಿದು ಕೂರುತ್ತಿದ್ದಳು. ಅದನ್ನು ನೋಡಿ ನನಗೆ ಸಮಾಧಾನವಾಗುತ್ತಿತ್ತು.

ಹದಿನಾಲ್ಕನೆಯ ದಿನ

ಪ್ರತಿ ದೇಶದಿಂದ ಒಬ್ಬರನ್ನು ಇನ್ನೂ ಮೂರು ತಿಂಗಳು ಉಳಿಸಿಕೊಂಡು ತರಬೇತಿ ಕೊಡುವುದಾಗಿ ಆವತ್ತು ಹೇಳಿದರು. ಕೊಪ್ಪಳದಲ್ಲಿ ತೆರೆಯುವ ಕೇಂದ್ರವನ್ನು ನಮ್ಮಲ್ಲಿ ಹಾಗೆ ಉಳಿದವರೇ ನಡೆಸಬೇಕು. ಹಳ್ಳಿಯಿಂದ ಹಳ್ಳಿಗೆ ಬಸ್ಸು ಕಾಯುವ ನನ್ನ ಬದುಕು ಅಲ್ಲಿಗೆ ಮುಗಿಯುತ್ತಿತ್ತು. ನನ್ನದೇ ಒಂದು ಕೋಣೆ, ನನ್ನದೇ ಒಂದು ಕುರ್ಚಿ. ನನಗೆ ಅದು ಬೇಕೇ ಬೇಕಿತ್ತು.

ಕಾರೆನ್ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಮೊದಲು ಹುಲಿಗೆವ್ವನನ್ನು ಕೇಳಿದರು: “ಉಳಿಯಲು ನಿನಗೆ ಮನಸ್ಸಿದೆಯೇ?” ನಾನು ಪ್ರಶ್ನೆಯನ್ನು ಸರಿಯಾಗಿಯೇ ಕನ್ನಡದಲ್ಲಿ ಹೇಳಿದೆ.

ಹುಲಿಗೆವ್ವ ಮುಂದಕ್ಕೆ ಬಾಗಿದಳು. “ಇರ್ತೀನ್ರಿ! ಕುರಿ ನಮ್ಮ ಮೈದುನ ಕಾಯ್ತಾನ. ಗಂಡಗ ರೊಟ್ಟಿ ಬಡಿಯಾಕ ಬರ್ತೈತಿ, ಉಪವಾಸ ಬೀಳೂದಿಲ್ಲ. ನನಗ ಸಾಲಿ ಅನ್ನೋದ ಹೆಂಗಿರತೈತಿ ಗೊತ್ತಿದ್ದಿಲ್ಲ. ಇಲ್ಲಿ ನಾ ಮಾತಾಡಿದ್ರ ಮಂದಿ ಕುಂತ ಕೇಳ್ತಾರ. ಹಿಂಗ ಕುಂದ್ರಸಿ ಕೇಳೂದನ್ನ ನಮ್ಮೂರ ಹೆಣಮಕ್ಕಳಿಗೆ ನಾ ಕಲಸ್ತೀನಿ. ಇರ್ತೀನಿ ಅಂತ ಹೇಳ್ರಿ ಅಕ್ಕಾರ.”

“ಆಕೆಯ ಜೀವವೆಲ್ಲ ಊರಿನಲ್ಲಿದೆ, ಕುರಿಗಳ ಚಿಂತೆ ಹತ್ತಿದೆ, ಬೇಗ ಮನೆಗೆ ಹೋಗಬೇಕು ಎನ್ನುತ್ತಾಳೆ,” ಎಂದೆ ನಾನು.

ಕಾರೆನ್ ಹುಬ್ಬೇರಿಸಿದರು. “ಅಷ್ಟು ಹೊತ್ತು ಮಾತಾಡಿದಳಲ್ಲ?”

“ಕನ್ನಡ ಹಾಗೆಯೇ,” ಎಂದೆ.

ಮಧ್ಯಾಹ್ನ ನನ್ನ ಹೆಸರನ್ನು ಫಲಕಕ್ಕೆ ಹಚ್ಚಿದರು.

ಹದಿನೈದನೆಯ ದಿನ

ಮರುದಿನ ಬೆಳಿಗ್ಗೆ ಹುಲಿಗೆವ್ವ ತೋಟದ ತಂತಿಯ ಮೇಲೆ ಸೀರೆ ಒಣಗಿಸುತ್ತಿದ್ದಳು. ಕಣ್ಣು ಊದಿಕೊಂಡಿದ್ದವು.

“ಅಕ್ಕಾರ, ನಾ ಏನರ ತಪ್ಪ ಮಾತಾಡಿದ್ನೇನ್ರಿ?”

“ಇಲ್ಲ.”

“ಮತ್ಯಾಕ ಬ್ಯಾಡ ಅಂದ್ರು? ಕಾರೆವ್ವಗ ನನ್ನ ಮ್ಯಾಲ ಭಾಳ ಪ್ರೀತಿ ಇತ್ತಲ್ಲ.” ಕಾರೆನ್ ಆಕೆಯ ಬಾಯಿಯಲ್ಲಿ ಮೊದಲ ದಿನದಿಂದಲೂ ಕಾರೆವ್ವ. “ಓದಿಲ್ಲ ಅಂತ ಇರಬೇಕು. ಇರ್ಲಿ ಬಿಡ್ರಿ. ನಿಮಗರ ಸಿಕ್ತಲ್ಲ, ನಮ್ಮೂರಿಗೆ ಸಿಕ್ಕಂಗ ಆತು. ಚಟ್ನಿಪುಡಿ ಡಬ್ಬಿ ನಿಮ್ಮ ಚೀಲದಾಗ ಇಟ್ಟೀನಿ. ಮೂರ ತಿಂಗಳಿಗೆ ಬೇಕಾಕ್ಕತಿ.”

ನಾನು ಆ ಡಬ್ಬಿಯನ್ನು ನೋಡಲು ಕೋಣೆಗೆ ಹೋದೆ. ಇತ್ತು. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು; ಆಕೆ ತಿನ್ನದೆ ಉಳಿಸಿದ್ದಳು. ಡಬ್ಬಿಯನ್ನು ಅಲ್ಲೇ ಇಟ್ಟು ಅಡುಗೆಮನೆಯ ಹಿಂದೆ ಹೋದೆ. ಕಾರೆನ್ ಆಲೂಗಡ್ಡೆ ಅಗೆಯುತ್ತಿದ್ದರು. ಅವರ ಮುಖ ನೋಡದೆ, ಹುಲಿಗೆವ್ವ ಹಿಂದಿನ ದಿನ ನಿಜವಾಗಿ ಹೇಳಿದ್ದನ್ನೆಲ್ಲ ಒಂದೊಂದೇ ಮಾತಾಗಿ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ.

ಅವರು ಕೈಯ ಮಣ್ಣು ಕೊಡವಿಕೊಂಡರು. “ಆಕೆಗೆ ಹೇಳಿದಿರಾ?”

“ಇಲ್ಲ.”

“ಹಾಗಾದರೆ ಮೊದಲು ಅಲ್ಲಿಗೆ ಹೋಗಬೇಕಿತ್ತು.”

ಹುಲಿಗೆವ್ವನಿಗೆ ಹೇಳಲು ನನಗೆ ನಾಲ್ಕು ವಾಕ್ಯ ಸಾಕಾಯಿತು. ಆಕೆ ಬೈಯುತ್ತಾಳೆಂದು ಕಾದೆ. ತಂತಿಯ ಮೇಲಿನ ಸೀರೆಯ ಮಡಿಕೆ ಬಿಡಿಸುತ್ತ ನಿಂತಳು.

“ನನ್ನ ಬಾಯಿ ನಿಮ್ಮ ಕೈಯಾಗ ಕೊಟ್ಟಿದ್ನಲ್ರಿ,” ಎಂದಳು ಕೊನೆಗೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು ನಾನು. ಆದರೆ ಒಳಗಿದ್ದದ್ದು ಹೊರಗೆ ಬಂತು. “ನೀನೂ ನನ್ನ ಕಥಿ ನಿಂದು ಅಂತ ಹೇಳಿದಿ. ಕಚೇರಿಗೆ ಹೋದಾಕಿ ನಾನು. ಬಾಗಲಾ ದೂಡಿದಾಕಿ ನಾನು. ತಂಬಗಿ ಇಟ್ಟಾಕಿ ನಾನು!”

ಹುಲಿಗೆವ್ವ ತಿರುಗಿದಳು. “ಬಾಗಲಾ ದೂಡಿದ್ದು ನೀವು, ಖರೆ. ಆ ತಂಬಗಿ ಹಳ್ಳದಾಗ ತುಂಬಿ, ತುಳುಕದಂಗ ಅಷ್ಟ ದೂರ ಹೊತ್ತ ತಂದಾಕಿ ಯಾರು? ಸಾಹೇಬ್ರು ಗದರಿಸಿ ಹೊರಗ ನಡೀರಿ ಅಂದಾಗ ನೀವು ಹೊಳ್ಳಿ ಹೊಂಟಿದ್ರಿ. ಬಾಗಲದಾಗ ಅಡ್ಡ ನಿಂತ ನಿಮಗ ದಾರಿ ಬಿಡದಾಕಿ ಯಾರು? ಒಂದ ಗುಟಕ ಕುಡೀರಿ ಅಂದಾಕಿ ಯಾರು? ನೆನಪ ಮಾಡ್ಕೋರಿ.”

ನೆನಪಾಯಿತು. ಬಾಗಿಲ ತುಂಬ ಆಕೆ ನಿಂತದ್ದು, ನಾನು ಹೊರಗೆ ಹೋಗಲಾರದೆ ಮತ್ತೆ ಮೇಜಿನ ಕಡೆ ತಿರುಗಿದ್ದು. ಅಷ್ಟು ವರ್ಷ ಆ ದಿನವನ್ನು ನೆನೆಸಿಕೊಂಡಾಗಲೆಲ್ಲ ನಾನು ಆಕೆಯನ್ನು ಆ ಬಾಗಿಲಿನಿಂದ ತೆಗೆದುಹಾಕಿದ್ದೆ. ಆಕೆ ನನ್ನನ್ನು ತೆಗೆದುಹಾಕಿದ್ದಳು. ಲೆಕ್ಕ ಸರಿಹೋಯಿತು ಎನ್ನುವ ಹಾಗಿರಲಿಲ್ಲ. ಆಕೆಯದು ಹೆಮ್ಮೆಯ ಮಾತು, ನನ್ನದು ಮೋಸ.

ಸಂಜೆ ಕಾರೆನ್ ಮತ್ತೆ ನಮ್ಮಿಬ್ಬರನ್ನು ಕೂರಿಸಿದರು. ಹುಲಿಗೆವ್ವ ಉಳಿಯಲಿ, ದುಭಾಷಿಯಾಗಿ ನಾನೂ ಉಳಿಯಬಹುದು ಎಂದರು. ನನಗೆ ಉಸಿರು ಬಂದಂತಾಯಿತು. ಹುಲಿಗೆವ್ವ ತಲೆ ಅಲ್ಲಾಡಿಸಿದಳು.

“ಬ್ಯಾಡ. ಇವರ ಬ್ಯಾಡ. ನಾ ಕೈಸನ್ನಿ ಮಾಡಿ ಹೇಳ್ತೀನಿ, ಬಾಯಿಂದ ಬಂದಷ್ಟ ಕಲೀತೀನಿ. ಇದನ್ನ ಇದ್ದದ್ದ ಇದ್ದಂಗ ಹೇಳ್ರಿ ಅಕ್ಕಾರ.”

ಹೇಳಿದೆ. ಒಂದು ಮಾತೂ ಬಿಡಲಿಲ್ಲ.

ಊರು

ಒಬ್ಬಳೇ ಬಂದೆ. ದಾರಿಯುದ್ದಕ್ಕೂ ಹುಲಿಗೆವ್ವ ಈಗ ಏನು ಮಾಡುತ್ತಿರಬಹುದು, ಯಾರು ಆಕೆಗೆ ಕೈ ಬೀಸುತ್ತಿರಬಹುದು ಎಂದೇ ಯೋಚನೆ. ಹುಲಿಗೆವ್ವನ ಊರಿಗೆ ಹೋದಾಗ ಮಹಿಳಾ ಮಂಡಳದ ಹೆಂಗಸರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ಹುಲಿಗೆವ್ವನ ಗಂಡ ದೂರದಲ್ಲಿ ಕಂಬಳಿ ಹೊದ್ದು ನಿಂತಿದ್ದ.

“ಅಕಿ ಎಲ್ಲಿ ಅದಾಳ್ರಿ?” ಎಂದ.

ಅಲ್ಲಿ ಆಕೆಯನ್ನು ಎಲ್ಲರೂ ಮೆಚ್ಚಿಕೊಂಡಿದ್ದಾರೆ ಎಂದು ಶುರು ಮಾಡಿದೆ. ಅದು ಸುಳ್ಳಲ್ಲ. ಆದರೂ ಆ ಹೆಂಗಸರ ಮುಖ ನೋಡುತ್ತ ಮುಂದುವರಿಸಲು ಆಗಲಿಲ್ಲ. “ಅಕಿ ಮಾತ ನಾ ತಿರುವಿ ಹೇಳಿದೆ. ಅದಕ್ಕ ನನ್ನ ಬಿಟ್ಟ ಕಳಿಸ್ಯಾಳ,” ಎಂದು ನಡೆದದ್ದನ್ನೆಲ್ಲ ಹೇಳಿದೆ.

ಹಿರಿಯಳಾದ ಫಕೀರವ್ವ ಎಲೆ ಅಡಿಕೆ ಉಗುಳಿ ಬಂದು, “ಹಂಗಾರ ಅಕಿ ಬರೂತನಕ ಮಂಡಳದ ಕೆಲಸ ನೀವ ಮಾಡ್ರಿ. ಮನಿಮನಿಗೆ ಹೋಗಿ ಕರೀಬೇಕು, ಚಾಪಿ ಹಾಸಬೇಕು. ಅಕಿ ಮಾಡ್ತಿದ್ಲು,” ಎಂದಳು. ಮೂರು ತಿಂಗಳು ವಾರಕ್ಕೊಮ್ಮೆ ಹೋಗಿ ಮಾಡಿದೆ. ಮೊದಲ ವಾರ ನಾಲ್ಕೇ ಜನ ಬಂದರು. ಹುಲಿಗೆವ್ವ ಕರೆದಾಗ ಓಣಿಯೇ ಖಾಲಿಯಾಗಿ ಬರುತ್ತಿತ್ತೆಂದು ಆ ನಾಲ್ವರೂ ಹೇಳಿದರು.

ಕೊಪ್ಪಳ

ಕಾರೆನ್ ಕೇಂದ್ರ ತೆರೆಯಲು ಬರುವಾಗ ಹುಲಿಗೆವ್ವನನ್ನೂ ಕರೆತಂದರು. ನಾವೆಲ್ಲ ಸ್ಟೇಷನ್ನಿಗೆ ಹೋಗಿದ್ದೆವು. ಹುಲಿಗೆವ್ವ ಇಳಕಲ್ ಸೀರೆಯ ಮೇಲೆ ನೀಲಿ ಉಣ್ಣೆಯ ಅಂಗಿ ತೊಟ್ಟು, ಆ ಬಿಸಿಲಿನಲ್ಲೂ ಅದನ್ನು ತೆಗೆಯದೆ ಇಳಿದಳು. ಹೆಂಗಸರು ಮುತ್ತಿಕೊಂಡರು. ನಾನು ಹಿಂದೆ ನಿಂತೆ. ಮೂರು ತಿಂಗಳಲ್ಲಿ ಆಕೆ ಎಷ್ಟು ಇಂಗ್ಲಿಷ್ ಕಲಿತಿರಬಹುದು ಎಂಬುದೊಂದೇ ನನ್ನ ತಲೆಯಲ್ಲಿ. ಹೆಚ್ಚು ಕಲಿತಿರಬಾರದು ಎಂದು ಬೇಡಿಕೊಳ್ಳುತ್ತಿದ್ದೆ ಕೂಡ.

ಆಕೆ ಜನರ ನಡುವಿನಿಂದ ನನ್ನನ್ನು ಕಂಡು ಹತ್ತಿರ ಬಂದಳು. “ಸಿಟ್ಟ ಇನ್ನೂ ಐತಿ ನೋಡ್ರಿ ಅಕ್ಕಾರ,” ಎಂದಳು. “ಆದ್ರ ಸೆಂಟರಿಗೆ ಕಾಗದಪತ್ರ ಬರಿಯಾಕ ನೀವ ಬೇಕು. ಬರ್ತೀರೇನು?”

“ಬರ್ತೀನಿ,” ಎಂದೆ.

ಅಷ್ಟರಲ್ಲಿ ಕಾರೆನ್ ಚೀಲ ಹೊತ್ತು ಬಂದರು. ನಾನು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದೆ. ಅವರು ಕೈ ಮುಗಿದು, “ಛಲೋ ಅದೀರೇನ್ರಿ ಅಕ್ಕಾರ? ಮನ್ಯಾಗ ಮಾಸ್ತರು ಹೆಂಗ ಅದಾರ?” ಎಂದರು.

ಕುಷ್ಟಗಿಯ ಕನ್ನಡ. ಹಟ್ಟಿಯ ಕನ್ನಡ. ಹುಲಿಗೆವ್ವ ಪಕ್ಕದಲ್ಲಿ ನಿಂತು, ಮಗ್ಗಿ ಒಪ್ಪಿಸುವ ಮಕ್ಕಳನ್ನು ಮಾಸ್ತರರು ಕೇಳುವ ಹಾಗೆ ತುಟಿ ಬಿಗಿದು ಕೇಳುತ್ತಿದ್ದಳು. ಆಕೆ ಇಂಗ್ಲಿಷ್ ಕಲಿತಿರಲಿಲ್ಲ. ಕಾರೆನ್‌ಗೆ ಕನ್ನಡ ಕಲಿಸಿ ಕರೆತಂದಿದ್ದಳು. ನನಗಾಗಿ ಯಾರೂ ಒಂದು ಮಾತನ್ನೂ ಕಲಿತಿರಲಿಲ್ಲ.

ಗಾಬರಿಯಲ್ಲಿ ನಾನು ಮತ್ತೆ ಇಂಗ್ಲಿಷಿನಲ್ಲೇ ಏನೋ ಹೇಳಿದೆ.

“ಕನ್ನಡದಾಗ ಹೇಳ್ರಿ,” ಎಂದರು ಕಾರೆನ್. ಹೆಂಗಸರೆಲ್ಲ ನಕ್ಕರು.

“ಛಲೋ ಅದೀನ್ರಿ,” ಎಂದೆ. “ಹೊಟ್ಟಿ ಒಂದೀಟ ಉರಿಯಾಕತ್ತೈತಿ, ಅಷ್ಟ.”

ಆ ಮಾತು ಕಾರೆನ್‌ಗೆ ತಿಳಿಯಲಿಲ್ಲ. ಅರ್ಥ ಕೇಳಲು ಹುಲಿಗೆವ್ವನ ಕಡೆ ತಿರುಗಿದರು. ಹುಲಿಗೆವ್ವ ನನ್ನ ಮುಖವನ್ನು ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಕಾರೆನ್‌ರ ಕಿವಿಯ ಹತ್ತಿರ ಬಾಗಿ, ಕೈಸನ್ನೆಯಲ್ಲಿ ಒಂದಿಷ್ಟು, ಅವರಿಬ್ಬರ ಬೆರಕೆ ಮಾತಿನಲ್ಲಿ ಒಂದಿಷ್ಟು ಹೇಳಿದಳು. ಕಾರೆನ್ ತಲೆದೂಗಿದರು. ಆಕೆ ಏನು ಹೇಳಿದಳು, ಎಷ್ಟು ಹೇಳಿದಳು ಎಂದು ನಾನು ಕೇಳಲಿಲ್ಲ.